ಗಿಟಾರಿನ ಕತ್ತಿಗೆ ಹುರಿದ ಮರ

ಜೂನ್ ಕಳೆದು ಮಳೆ ಹಿಡಿದುಕೊಂಡಿತೆಂದರೆ ಮಲೆನಾಡಿನ ಮನೆಗಳಲ್ಲಿ ಬಾಗಿಲು ಹಾಕುವುದೇ ಒಂದು ಕೆಲಸ. ಬೇಸಿಗೆಯಲ್ಲಿ ಬೆರಳು ತಾಕಿದರೆ ಸರಿಯುತ್ತಿದ್ದ ಬಾಗಿಲು ಈಗ ಚೌಕಟ್ಟಿಗೆ ಕಚ್ಚಿಕೊಂಡು, ಭುಜ ಕೊಟ್ಟು ತಳ್ಳಿದರೂ ಮಿಸುಕುವುದಿಲ್ಲ. ಬಡಗಿಯನ್ನು ಕರೆಸಿ ಅಂಚಿಗೆ ಕೀಸುಳಿ ಹಾಕಿಸಿದವರು ಮುಂದಿನ ಮಾರ್ಚಿನಲ್ಲಿ ಪೇಚಾಡುತ್ತಾರೆ. ಆಗ ಅದೇ ಬಾಗಿಲ ಪಕ್ಕದಲ್ಲಿ ಹಲ್ಲಿ ನುಸುಳುವಷ್ಟು ಸಂದು. ಮರ ಕಡಿದು ನಲವತ್ತು ವರ್ಷವಾಗಿರಬಹುದು, ಅಜ್ಜನ ಕಾಲದ ಬಾಗಿಲೇ ಇರಬಹುದು. ಮಳೆಯಲ್ಲಿ ನೀರು ಕುಡಿಯುವ, ಬಿಸಿಲಲ್ಲಿ ಬಿಡುವ ಚಾಳಿಯನ್ನು ಮರ ಸತ್ತ ಮೇಲೂ ಬಿಡುವುದಿಲ್ಲ.

ಬಾಗಿಲಾದರೆ ಭುಜ ಕೊಟ್ಟು ತಳ್ಳಬಹುದು. ಅದೇ ಚಾಳಿ ಗಿಟಾರಿಗೆ ಬಂದರೆ?

ವೀಣೆಯಲ್ಲಿ ನಾವು ದಂಡಿ ಎನ್ನುವುದನ್ನೇ ಗಿಟಾರಿನವರು ನೆಕ್ ಎನ್ನುತ್ತಾರೆ, ಅಂದರೆ ಕತ್ತು. ನುಡಿಸುವವನ ಎಡಗೈ ಓಡಾಡುವ ಜಾಗ. ಅಗಲ ನಾಲ್ಕು ಸೆಂಟಿಮೀಟರಿನ ಮೇಲೆ ಸ್ವಲ್ಪ, ದಪ್ಪ ಸುಮಾರು ಎರಡು ಸೆಂಟಿಮೀಟರ್. ಇಷ್ಟು ತೆಳುವಾದ ಮರದ ತುಂಡನ್ನು ಒಂದು ಎಲೆಕ್ಟ್ರಿಕ್ ಗಿಟಾರಿನ ಆರು ಉಕ್ಕಿನ ತಂತಿಗಳು ಸೇರಿ ಸುಮಾರು 45 ಕಿಲೋ ಬಲದಿಂದ ಹಗಲೂ ರಾತ್ರಿ ಮುಂದಕ್ಕೆ ಎಳೆಯುತ್ತಿರುತ್ತವೆ. ಕತ್ತಿನ ಮೇಲೆ ವೀಣೆಯ ಮೆಟ್ಟಿಲುಗಳಂತೆ ಲೋಹದ ಸಣ್ಣ ಪಟ್ಟಿಗಳಿವೆ, ಅವಕ್ಕೆ ಫ್ರೆಟ್ ಎಂದು ಹೆಸರು. ತಂತಿಗೂ ಈ ಫ್ರೆಟ್‌ಗಳಿಗೂ ನಡುವಿನ ಅಂತರದಲ್ಲಿ ಕಾಲು ಮಿಲಿಮೀಟರ್ ಏರುಪೇರಾದರೆ ಸಾಕು, ತಂತಿ ಝರ್ ಎನ್ನುತ್ತದೆ, ಇಲ್ಲವೇ ಒತ್ತಲು ಬೆರಳು ನೋಯುತ್ತದೆ. ವೀಣೆಗಾದರೆ ಮೇಣದ ಮೇಲೆ ಮೆಟ್ಟಿಲು ಕೂರಿಸಿರುವುದರಿಂದ ಮೇಣ ಕಾಯಿಸಿ ಮತ್ತೆ ಮೇಳ ಕಟ್ಟಿಸಬಹುದು. ಗಿಟಾರಿನ ಫ್ರೆಟ್ ಮರದೊಳಕ್ಕೇ ಬಡಿದು ಕೂರಿಸಿದ್ದು. ಮರ ಹೋದ ಕಡೆ ಅದೂ ಹೋಗಬೇಕು.

ಪತ್ರಿಕೋದ್ಯಮದ ಡಿಪ್ಲೊಮಾ ಓದುತ್ತಿದ್ದಾಗ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಗೆಳೆಯನೊಬ್ಬ ಅಗ್ಗದ ಗಿಟಾರೊಂದನ್ನು ಕಿಟಕಿ ಪಕ್ಕದ ಮೊಳೆಗೆ ತೂಗುಹಾಕಿದ್ದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಕತ್ತು ಬಿಲ್ಲಿನಂತೆ ಬಾಗಿತು. ಬೇಸಿಗೆಗೆ ಸರಿಹೋದೀತೆಂದು ಕಾದ. ಬೇಸಿಗೆಯಲ್ಲಿ ಕತ್ತಿನ ಮರ ಅಡ್ಡಕ್ಕೆ ಸೊರಗಿ, ಫ್ರೆಟ್‌ಗಳ ತುದಿಗಳು ಎರಡೂ ಅಂಚಿನಲ್ಲಿ ಹೊರಚಾಚಿ ಅಂಗೈ ಗೀರತೊಡಗಿದವು. ಲೋಹ ಸೊರಗುವುದಿಲ್ಲ, ಮರ ಸೊರಗುತ್ತದೆ. ಈ ಲೇಖನಕ್ಕಾಗಿ ಓದುತ್ತಾ ಕೂತಾಗ ತಿಳಿದದ್ದು: ಪ್ರಪಂಚದ ಹೆಸರಾಂತ ಗಿಟಾರ್ ಕಾರ್ಖಾನೆಗಳು ಒಂದು ಶತಮಾನದಿಂದ ಹೆಣಗುತ್ತಿರುವುದೂ ಇದೇ ಸಮಸ್ಯೆಯ ಜೊತೆ.

ಇತ್ತೀಚಿನ ಹದಿನೈದು ವರ್ಷಗಳಲ್ಲಿ ಅವು ಹಿಡಿದಿರುವ ದಾರಿ ವಿಚಿತ್ರವಾದದ್ದು. ಮರವನ್ನು ಹುರಿಯುವುದು. ಈ ದಾರಿಗೆ ಅವರನ್ನು ತಂದ ಕತೆಯಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆ ಮರಕ್ಕೂ ಒಂದು ಪಾತ್ರವಿದೆ.

ಸರಳು, ಸಿಮೆಂಟು, ಕಟ್ಟುತಂತಿ

ಮರ ನೀರು ಕುಡಿಯುವುದೇಕೆ? ಅದರ ಗೋಡೆಗಳು ಮೂರು ವಸ್ತುಗಳಿಂದ ಆದವು. ಮನೆ ಕಟ್ಟುವವರ ಭಾಷೆಯಲ್ಲಿ ಹೇಳುವುದಾದರೆ ಸೆಲ್ಯುಲೋಸ್ ಎಂಬುದು ಕಬ್ಬಿಣದ ಸರಳು, ಉದ್ದಕ್ಕೆ ಬಲ ಕೊಡುವಂಥದು. ಲಿಗ್ನಿನ್ ಎಂಬುದು ಸಿಮೆಂಟು. ಇವೆರಡರ ನಡುವೆ ಕಟ್ಟುತಂತಿಯಂತೆ ಹೆಣೆದುಕೊಂಡಿರುವುದು ಹೆಮಿಸೆಲ್ಯುಲೋಸ್. ಈ ಮೂರರಲ್ಲಿ ಗಾಳಿಯ ತೇವವನ್ನು ಅತಿ ಹೆಚ್ಚು ಸೆಳೆದುಕೊಳ್ಳುವುದು ಮೂರನೆಯದು. ಶಾಖಕ್ಕೆ ಮೊದಲು ಸೋಲುವುದೂ ಅದೇ. ಹುರಿದ ಮರದ ವಿದ್ಯೆಯೆಲ್ಲ ನಿಂತಿರುವುದು ಈ ಒಂದು ಆಕಸ್ಮಿಕದ ಮೇಲೆ.

ತೇವ ಹೀರಿದ ಮರ ಎಲ್ಲ ಕಡೆಗೂ ಒಂದೇ ಸಮ ಉಬ್ಬುವುದಿಲ್ಲ. ಗಿಟಾರಿನ ಕತ್ತಿಗೆ ಹೆಚ್ಚಾಗಿ ಬಳಸುವ ಅಮೆರಿಕದ ಗಟ್ಟಿ ಮೇಪಲ್ ಮರವನ್ನೇ ತೆಗೆದುಕೊಳ್ಳಿ. ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಅದು ವರ್ಷದುಂಗುರಗಳ ಸುತ್ತಿನ ದಿಕ್ಕಿನಲ್ಲಿ ನೂರಕ್ಕೆ 9.9 ಭಾಗ, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ 4.8 ಭಾಗ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಲೆಕ್ಕಕ್ಕಿಲ್ಲದಷ್ಟು. ಒಂದು ಮಗ್ಗುಲು ಒಂದು ಪ್ರಮಾಣದಲ್ಲಿ, ಇನ್ನೊಂದು ಅದರ ಇಮ್ಮಡಿ ಪ್ರಮಾಣದಲ್ಲಿ ಕುಗ್ಗಿದರೆ ತುಂಡು ಬಾಗದೆ, ತಿರುಚದೆ ಇನ್ನೇನು ಮಾಡೀತು? ಅದರ ಮೇಲೆ 45 ಕಿಲೋ ಎಳೆತ ಬೇರೆ.

ಮೊದಲು ಬಂದ ಪರಿಹಾರ ಉಕ್ಕಿನದು. ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿದ್ದ ಗಿಬ್ಸನ್ ಕಂಪೆನಿಯ ಥ್ಯಾಡಿಯಸ್ ಮೆಕ್‌ಹ್ಯೂ ಎಂಬಾತ ಕತ್ತಿನ ಒಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳು ಹುದುಗಿಸಿ, ತುದಿಯಲ್ಲಿ ನಟ್ಟು ತಿರುಗಿಸಿ ಬಿಗಿ ಮಾಡುವ ಉಪಾಯ ಕಂಡುಹಿಡಿದ. 1921ರಲ್ಲಿ ಅರ್ಜಿ ಹಾಕಿ 1923ರಲ್ಲಿ ಪೇಟೆಂಟ್ ಪಡೆದ. ತಂತಿ ಮುಂದಕ್ಕೆ ಎಳೆದರೆ ಸರಳು ಹಿಂದಕ್ಕೆ ಎಳೆಯುತ್ತದೆ. ಋತು ಬದಲಾದಾಗ ನಟ್ಟನ್ನು ಕಾಲು ಸುತ್ತು ತಿರುವಿದರಾಯಿತು. ಟ್ರಸ್ ರಾಡ್ ಎಂಬ ಈ ಸರಳು ಇಂದಿಗೂ ಬಹುಪಾಲು ಗಿಟಾರುಗಳಲ್ಲಿದೆ. ಮಾರ್ಟಿನ್ ಎಂಬ ಇನ್ನೊಂದು ಹಳೆಯ ಕಂಪೆನಿ ತಿರುಗಿಸಲಾಗದ ಉಕ್ಕಿನ ಪಟ್ಟಿಯನ್ನು ಹುದುಗಿಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಉಕ್ಕು ಸಿಗದಂತಾದಾಗ ಅದರ ಬದಲು ಕರಿಮರದ ಪಟ್ಟಿ ಹಾಕಿತು. ತಿರುಗಿಸಬಹುದಾದ ಸರಳಿಗೆ ಮಾರ್ಟಿನ್ ಬಂದದ್ದು 1985ರಲ್ಲಿ.

ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಕತೆ ಇನ್ನೂ ಸ್ವಾರಸ್ಯ. ರೇಡಿಯೋ ರಿಪೇರಿ ಅಂಗಡಿಯಿಂದ ಮೇಲೆ ಬಂದ ಈತ 1950ರಲ್ಲಿ ತನ್ನ ಮೊದಲ ಗಟ್ಟಿ ಒಡಲಿನ ಎಲೆಕ್ಟ್ರಿಕ್ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಕತ್ತನ್ನು ಒಂದೇ ತುಂಡು ಮೇಪಲ್‌ನಲ್ಲಿ ಮಾಡಿಸಿ ನಾಲ್ಕು ತಿರುಪುಗಳಿಂದ ಒಡಲಿಗೆ ಬಿಗಿಸಿದ. ಮೇಪಲ್ ಕಲ್ಲಿನಂಥ ಮರ, ಅದಕ್ಕೆ ಸರಳೇಕೆ ಎಂಬುದು ಅವನ ವಾದ. ಮೊದಲ ಕೆಲವು ಗಿಟಾರುಗಳು ಸರಳಿಲ್ಲದೆಯೇ ಹೊರಬಿದ್ದವು. ಕತ್ತುಗಳು ಬಾಗಿದವು. ಮಾರಾಟದ ಹೊಣೆ ಹೊತ್ತಿದ್ದ ಡಾನ್ ರ‍್ಯಾಂಡಲ್ ಹಟ ಹಿಡಿದದ್ದರಿಂದ ಅದೇ ವರ್ಷದ ಕೊನೆಯ ಹೊತ್ತಿಗೆ ಫೆಂಡರ್ ಗಿಟಾರಿಗೂ ಸರಳು ಬಂತು. ಹಿಂಬದಿಯಿಂದ ಸೀಳಿ ಸರಳಿಟ್ಟು, ಸೀಳಿಗೆ ವಾಲ್ನಟ್ ಮರದ ಕಂದು ಪಟ್ಟಿ ತುಂಬುತ್ತಿದ್ದರು. ಇಂದಿಗೂ ಫೆಂಡರ್ ಗಿಟಾರಿನ ಬೆನ್ನಿನ ಮೇಲೆ ಕಾಣುವ ಆ ಕಂದು ಗೆರೆ ಅಲಂಕಾರವೆಂದು ತಿಳಿದವರೇ ಹೆಚ್ಚು. ಅದು ಲಿಯೋ ಫೆಂಡರ್ ಮರದ ಮುಂದೆ ಸೋಲೊಪ್ಪಿಕೊಂಡ ಗುರುತು.

ಬೆಂಕಿಯ ಹಳೆಯ ದಾರಿ

ಬೆಂಕಿಯಿಂದ ಮರವನ್ನು ಹದಗೊಳಿಸುವುದು ಹೊಸ ವಿದ್ಯೆಯೇನಲ್ಲ. ಕೋಟೆ ಗೋಡೆಯ ನಡುವೆ ಹಾಯಿಸುವ ಆಲಿವ್ ಮರದ ತೊಲೆಗಳನ್ನು ಸುಟ್ಟು ಕರಿಮಾಡಿ ಬಳಸಬೇಕೆಂದು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿಟ್ಟಿದ್ದಾನೆ. ಜಪಾನಿನಲ್ಲಿ ಮನೆಯ ಹೊರಗೋಡೆಯ ಸೀಡರ್ ಹಲಗೆಗಳ ಮೇಲ್ಮೈಯನ್ನು ಸುಡುವ ಪದ್ಧತಿಗೆ ಯಾಕಿಸುಗಿ ಎಂಬ ಹೆಸರೇ ಇದೆ. ಆದರೆ ಇವೆಲ್ಲ ಹೊರಮೈ ಸುಡುವ ಕೆಲಸ. ಒಳಗಿನವರೆಗೂ ಮರದ ಸ್ವಭಾವ ಬದಲಿಸುವುದು ಬೇರೆ.

ಸಂಗೀತದ ಮಂದಿಯೂ ಒಲೆಯ ಹತ್ತಿರ ಹೋಗದೆ ಇರಲಿಲ್ಲ. 19ನೇ ಶತಮಾನದ ಪ್ಯಾರಿಸ್ಸಿನ ಪ್ರಸಿದ್ಧ ಪಿಟೀಲು ತಯಾರಕ ಜಾನ್ ಬಾಪ್ತಿಸ್ತ್ ವಿಯೋಮ್, ಹೊಸ ಮರಕ್ಕೆ ಹಳೆಯ ಇಟಾಲಿಯನ್ ಪಿಟೀಲುಗಳ ಮಾಗಿದ ಗುಣ ಬರಲೆಂದು ಅದನ್ನು ಬೇಯಿಸುತ್ತಿದ್ದನೆಂದು ಪಿಟೀಲಿನ ಇತಿಹಾಸ ಬರೆದವರು ಹೇಳುತ್ತಾರೆ, ಹಾಗೆ ಮಾಡಿ ಮರವನ್ನು ಕೆಡಿಸಿದನೆಂದು ದೂರುತ್ತಾರೆ ಕೂಡ. ಗಾಳಿ ಬಿಟ್ಟುಕೊಂಡ ಒಲೆಯಲ್ಲಿ ಮರ ಬೇಯಿಸಿದರೆ ಅದು ಹಪ್ಪಳದಂತೆ ಪೆಡಸಾಗುತ್ತದೆ. ವಿಯೋಮ್‌ಗೆ ತಿಳಿಯದಿದ್ದದ್ದು ಆಮ್ಲಜನಕವನ್ನು ಹೊರಗಿಡುವ ಉಪಾಯ.

ಅದನ್ನು ಪ್ರಯೋಗಶಾಲೆಯಲ್ಲಿ ಹಟ ಹಿಡಿದು ಅಭ್ಯಾಸ ಮಾಡಿದವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯದ ರಸಾಯನಶಾಸ್ತ್ರಜ್ಞ ಆಲ್‌ಫ್ರೆಡ್ ಸ್ಟ್ಯಾಮ್. 1930ರ ದಶಕದಲ್ಲಿ ಬೇರೆ ಬೇರೆ ಅನಿಲಗಳ ನಡುವೆ ಮರವನ್ನು ಕಾಯಿಸಿ ನೋಡಿದರು. ಆಮೇಲೆ ಕರಗಿದ ಲೋಹದಲ್ಲೇ ಮರವನ್ನು ಮುಳುಗಿಸಿದರು! ಕೇಳಲು ಹುಚ್ಚಾಟವೆನಿಸಿದರೂ ತರ್ಕ ಸರಳ: ಕಡಿಮೆ ಶಾಖಕ್ಕೇ ಕರಗುವ ಮಿಶ್ರಲೋಹದ ಕೆಳಗೆ ಗಾಳಿ ಸುಳಿಯುವುದಿಲ್ಲ, ಶಾಖವೂ ಎಲ್ಲ ಕಡೆಯಿಂದ ಸಮನಾಗಿ ತಾಗುತ್ತದೆ. ಹೀಗೆ ಹದಗೊಂಡ ಮರಕ್ಕೆ 1946ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ‘ಸ್ಟೇಬ್‌ವುಡ್’ ಎಂದು ಹೆಸರಿಟ್ಟರು, ಅಂದರೆ ಅಲುಗದ ಮರ. ಅದು ಉಬ್ಬುವುದು, ಕುಗ್ಗುವುದು ಬಹಳ ಕಡಿಮೆಯಾಗಿತ್ತು. ಆದರೆ ಏಟು ತಾಳುವ ಶಕ್ತಿಯೂ ಕಡಿಮೆಯಾಗಿತ್ತು. ಕಟ್ಟುತಂತಿ ಕರಗಿದರೆ ಸರಳು, ಸಿಮೆಂಟು ಇದ್ದೂ ಗೋಡೆ ಮೊದಲಿನಂತಿರುವುದಿಲ್ಲ ತಾನೆ? ಅಲುಗದ ಮರ ಕಡತದಲ್ಲೇ ಉಳಿಯಿತು.

ಅದನ್ನು ಕಡತದಿಂದ ಕಾರ್ಖಾನೆಗೆ ತಂದ ದೇಶ ಫಿನ್ಲೆಂಡ್. ಕಾಡು ಬಿಟ್ಟರೆ ಹೆಚ್ಚಿನ ಸಂಪತ್ತಿಲ್ಲದ, ಪೈನ್ ಮತ್ತು ಸ್ಪ್ರೂಸ್‌ನಂಥ ಮೆದು ಮರಗಳೇ ಹೆಚ್ಚಿರುವ ನಾಡು. ಇಂಥ ಮರ ಹೊರಗೆ ಬಾಳಬೇಕಾದರೆ ಆರ್ಸೆನಿಕ್ ಬೆರೆತ ವಿಷದ ದ್ರಾವಣ ಕುಡಿಸಬೇಕಿತ್ತು. ಆ ವಿಷದ ಬಗ್ಗೆ ಯುರೋಪಿನಲ್ಲಿ ಅಸಮಾಧಾನ ಬೆಳೆಯುತ್ತಿದ್ದ ಕಾಲ. 1990ರ ದಶಕದಲ್ಲಿ ಅಲ್ಲಿಯ ಸರ್ಕಾರಿ ಸಂಶೋಧನಾ ಕೇಂದ್ರ ವಿಟಿಟಿ ಮತ್ತು ಮರದ ಉದ್ಯಮದವರು ಸೇರಿ ಥರ್ಮೋವುಡ್ ಎಂಬ ವಿಧಾನವನ್ನು ರೂಪಿಸಿದರು. ಕರಗಿದ ಲೋಹದ ಜಾಗಕ್ಕೆ ಬಂದದ್ದು ನೀರಿನ ಹಬೆ. ಮೊದಲು ಗೂಡಿನಲ್ಲಿ ಮರವನ್ನು ಸುಮಾರು 130 ಡಿಗ್ರಿಯವರೆಗೆ ಏರಿಸಿ ಪೂರ್ತಿ ಒಣಗಿಸುತ್ತಾರೆ. ಆಮೇಲೆ 185ರಿಂದ 215 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು-ಮೂರು ಗಂಟೆ ಇಡುತ್ತಾರೆ. ತುಂಬಿರುವ ಹಬೆ ಆಮ್ಲಜನಕ ಸುಳಿಯದಂತೆ, ಬೆಂಕಿ ಹೊತ್ತದಂತೆ ಕಾಯುತ್ತದೆ. ಕೊನೆಗೆ ನಿಧಾನವಾಗಿ ತಣಿಸಿ, ಬಳಸಲು ಬೇಕಾದಷ್ಟು ನಾಲ್ಕರಿಂದ ಏಳು ಶೇಕಡಾ ತೇವವನ್ನು ಮರಕ್ಕೆ ಹಿಂದಿರುಗಿಸುತ್ತಾರೆ. ರಾಸಾಯನಿಕದ ಒಂದು ಹನಿಯೂ ಇಲ್ಲ. ಹೊರಬಂದ ಮರ ನೆತ್ತಿಯಿಂದ ಒಳಗಿನವರೆಗೆ ಕಂದು. ಮಾಮೂಲು ಮರ ಹಿಡಿಯುವ ತೇವದಲ್ಲಿ ಅರ್ಧದಷ್ಟನ್ನು ಮಾತ್ರ ಹಿಡಿಯುತ್ತದೆ. ಫಿನ್ನಿಷ್ ಜನ ಇದರಿಂದ ಮನೆಯ ಹೊರಹೊದಿಕೆ ಮಾಡಿದರು, ಅಂಗಳದ ಹಲಗೆ ಮಾಡಿದರು, ತಮ್ಮ ಪ್ರೀತಿಯ ಸೌನಾ ಎಂಬ ಬಿಸಿ ಸ್ನಾನದ ಕೋಣೆಗೆ ಬೆಂಚು ಮಾಡಿದರು. ಗಿಟಾರಿನ ಯೋಚನೆ ಯಾರಿಗೂ ಇರಲಿಲ್ಲ.

ಬೀಟೆಯ ಪ್ರವೇಶ

ಈಗ ಅಮೆರಿಕಕ್ಕೆ ಮರಳೋಣ. ಗಿಟಾರಿನ ಕತ್ತಿಗೆ ಎರಡು ಪದರವಿರುವುದುಂಟು. ಹಿಂದಿನದು ಮೇಪಲ್ ಅಥವಾ ಮಹಾಗನಿ. ಅದರ ಮೇಲೆ, ಬೆರಳು ತಾಗುವ ಕಡೆ, ಫಿಂಗರ್‌ಬೋರ್ಡ್ ಎಂಬ ಬೇರೆ ಮರದ ತೆಳು ಹಲಗೆ. ಇಲ್ಲಿಗೆ ಬೇಕಾದದ್ದು ದಟ್ಟ ಬಣ್ಣದ, ಎಣ್ಣೆಯಂಶವುಳ್ಳ, ಬೆವರಿಗೂ ಸವೆತಕ್ಕೂ ಜಗ್ಗದ ಮರ. ಬಹುಕಾಲ ಅದು ಬ್ರೆಜಿಲ್‌ನ ರೋಸ್‌ವುಡ್ ಆಗಿತ್ತು. 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ದಿಮ್ಮಿಗಳನ್ನು ಹೊರಕ್ಕೆ ಬಿಡದಂತೆ ತಡೆಯಿತು. ಆಗ ಅಮೆರಿಕದ ಕಾರ್ಖಾನೆಗಳು ಕಣ್ಣು ಹಾಕಿದ್ದು ಅದರ ಹತ್ತಿರದ ನೆಂಟನ ಮೇಲೆ, ಅಂದರೆ ನಮ್ಮ ಬೀಟೆಯ ಮೇಲೆ. ಮಾರ್ಟಿನ್ ಕಂಪೆನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿಸಿತು. ಬ್ರೆಜಿಲ್ ಮರ 1992ರಲ್ಲಿ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿ, ವ್ಯಾಪಾರವೇ ನಿಂತಿತು. ಅಷ್ಟು ಹೊತ್ತಿಗೆ ಘಟ್ಟದ ಕಾಡಿನಲ್ಲಿ ಬೆಳೆದ ಬೀಟೆಯ ಮೇಲೆ ಬೆರಳಾಡಿಸದ ಗಿಟಾರ್ ವಾದಕ ಪಶ್ಚಿಮದಲ್ಲಿ ಅಪರೂಪ.

ನಮ್ಮಲ್ಲಿಯೂ ಬೀಟೆ ಹೇಗೆಂದರೆ ಹಾಗೆ ಕಡಿಯಬಹುದಾದ ಮರವಲ್ಲ. ಕಾಡಿನ ಬೀಟೆ ಸರ್ಕಾರಿ ಡಿಪೊಗಳ ಹರಾಜಿನಲ್ಲಿ ಮಾರಾಟವಾಗುತ್ತದೆ. ದಿಮ್ಮಿಯನ್ನೂ, 6 ಮಿಲಿಮೀಟರಿಗಿಂತ ದಪ್ಪ ಸೀಳಿದ ಹಲಗೆಯನ್ನೂ ರಫ್ತು ಮಾಡುವುದಕ್ಕೆ ಭಾರತದ ವಿದೇಶ ವ್ಯಾಪಾರ ನೀತಿ ನಿರ್ಬಂಧ ಹಾಕಿತ್ತು. ತೆಳು ಹಾಳೆ ಅಥವಾ ಸಿದ್ಧ ವಸ್ತು ಹೋಗಬಹುದು. ಹಾಗಾದರೆ ಫಿಂಗರ್‌ಬೋರ್ಡಿಗೆಂದು ಕೊಯ್ದ, ಇನ್ನೂ ಫ್ರೆಟ್ ಕೂರಿಸದ, ಸುಮಾರು 10 ಮಿಲಿಮೀಟರ್ ದಪ್ಪದ ತುಂಡು ಸೀಳಿದ ಹಲಗೆಯೋ, ವಾದ್ಯದ ಭಾಗವೋ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಭಾರತವಲ್ಲ, ಅಮೆರಿಕ.

ಅಲ್ಲಿ ಲೇಸಿ ಕಾಯಿದೆ ಎಂಬುದೊಂದಿದೆ. 1900ರಲ್ಲಿ ಬಂದದ್ದು, ಮೊದಲಿಗೆ ಕಾಡುಹಕ್ಕಿಗಳ ಕಳ್ಳ ವ್ಯಾಪಾರ ತಡೆಯಲು. 2008ರ ತಿದ್ದುಪಡಿಯಿಂದ ಅದರ ವ್ಯಾಪ್ತಿಗೆ ಮರವೂ ಬಂತು. ಬೇರೆ ದೇಶದ ಕಾನೂನು ಮುರಿದು ತಂದ ಮರವನ್ನು ಇಟ್ಟುಕೊಳ್ಳುವುದು ಅಮೆರಿಕದಲ್ಲೂ ಅಪರಾಧವಾಯಿತು. 2009ರ ನವೆಂಬರಿನಲ್ಲಿ ಕೇಂದ್ರ ಸರ್ಕಾರದ ಅಧಿಕಾರಿಗಳು ನ್ಯಾಶ್‌ವಿಲ್‌ನ ಗಿಬ್ಸನ್ ಕಾರ್ಖಾನೆಗೆ ದಾಳಿಯಿಟ್ಟು ಮಡಗಾಸ್ಕರಿನ ಕರಿಮರ ವಶಪಡಿಸಿಕೊಂಡರು. 2011ರ ಆಗಸ್ಟ್ 24ರಂದು ಎರಡನೆಯ ದಾಳಿ, ಈ ಸಲ ನ್ಯಾಶ್‌ವಿಲ್ ಮತ್ತು ಮೆಂಫಿಸ್ ಎರಡೂ ಕಡೆ. ಹೊತ್ತೊಯ್ದದ್ದು ಭಾರತದಿಂದ ಬಂದ ಬೀಟೆ ಮತ್ತು ಕರಿಮರ.

ಗದ್ದಲ ಸಣ್ಣದಾಗಲಿಲ್ಲ. ಕಂಪೆನಿಯ ಮುಖ್ಯಸ್ಥ ಹೆನ್ರಿ ಜಸ್ಕೀವಿಟ್ಸ್ ಪತ್ರಿಕೆಗಳ ಮುಂದೆ ಬಂದು, ಭಾರತ ಸರ್ಕಾರ ದೂರದೇ ಇರುವಾಗ ಅದರ ಕಾನೂನನ್ನು ನೀವೇಕೆ ನಮ್ಮ ಮೇಲೆ ಹೇರುತ್ತೀರಿ ಎಂದು ವಾದಿಸಿದರು. ವಿರೋಧ ಪಕ್ಷಕ್ಕೆ ಒಳ್ಳೆಯ ವಿಷಯ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಒಬಾಮ ಉದ್ಯೋಗಗಳ ಬಗ್ಗೆ ಸಂಸತ್ತಿನ ಉಭಯ ಸದನಗಳನ್ನುದ್ದೇಶಿಸಿ ಮಾತನಾಡಿದಾಗ, ಸ್ಪೀಕರ್ ಜಾನ್ ಬೇನರ್ ಅವರ ಅತಿಥಿಯಾಗಿ ಗ್ಯಾಲರಿಯಲ್ಲಿ ಕುಳಿತಿದ್ದವರಲ್ಲಿ ಈ ಗಿಟಾರ್ ಕಂಪೆನಿಯ ಮುಖ್ಯಸ್ಥರೂ ಒಬ್ಬರು. ಮಲೆನಾಡಿನಲ್ಲಿ ಕಿಟಕಿ, ಮಂಚಗಳಾಗಿ ಸುಮ್ಮನೆ ಬಿದ್ದಿರುವ ಮರ ವಾಷಿಂಗ್ಟನ್ನಿನ ಸಂಸತ್ತಿನವರೆಗೆ ಹೋದದ್ದು ಹೀಗೆ.

ರಾಜಕೀಯ ಏನೇ ಇರಲಿ, ಕಾರ್ಖಾನೆ ನಡೆಯಬೇಕಲ್ಲ. ಬೀಟೆ ಜಪ್ತಿಯಾಗಿದೆ, ಗಿಟಾರು ಮಾಡದೆ ಕೂರುವಂತಿಲ್ಲ. ಗಿಬ್ಸನ್ ಎರಡು ಬದಲಿಗಳನ್ನು ಹಿಡಿಯಿತು. ಕಾಗದವನ್ನು ರಾಳದಲ್ಲಿ ನೆನೆಸಿ ಒತ್ತಿ ಮಾಡಿದ ರಿಚ್‌ಲೈಟ್ ಎಂಬ ಕಪ್ಪು ಹಲಗೆ ಒಂದು. ಇನ್ನೊಂದು ‘ಬೇಕ್ಡ್ ಮೇಪಲ್’, ಶಾಖದಲ್ಲಿ ಹದಗೊಳಿಸಿದ ಮೇಪಲ್. ಅಮೆರಿಕದಲ್ಲೇ ಬೆಳೆಯುವ ಮರ, ಕಾಗದಪತ್ರದ ರಗಳೆಯಿಲ್ಲ, ಹುರಿದರೆ ಬಣ್ಣ ಬೀಟೆಯ ಹತ್ತಿರಕ್ಕೆ ಬರುತ್ತದೆ. 2011-12ರ ಹಲವಾರು ಗಿಬ್ಸನ್ ಗಿಟಾರುಗಳು ಹೀಗೆ ಹೊರಬಂದವು.

ಕೊಳ್ಳುವವರಿಗೆ ಹಿಡಿಸಲಿಲ್ಲ. ಬೀಟೆಯ ಬೆಲೆ ಕೊಟ್ಟು ಸುಟ್ಟ ಮರ ತರುವುದೇ ಎಂಬ ಗೊಣಗಾಟ. ನನಗಂತೂ ಅವರ ಮೇಲೆ ತಪ್ಪು ಹೊರಿಸಲು ಮನಸ್ಸಿಲ್ಲ. ಬದಲಿ ಮಾಲು ಎಂದು ಒಮ್ಮೆ ಹೆಸರಾದ ಮೇಲೆ ಅದರ ಗುಣ ಯಾರು ನೋಡುತ್ತಾರೆ? ವನಸ್ಪತಿ ತುಪ್ಪಕ್ಕೂ ಹಾಗೇ ಆಗಿತ್ತು.

2012ರ ಆಗಸ್ಟಿನಲ್ಲಿ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿ, ವನ್ಯಜೀವಿ ಪ್ರತಿಷ್ಠಾನವೊಂದಕ್ಕೆ ಇನ್ನೂ 50 ಸಾವಿರ ಡಾಲರ್ ಕೊಟ್ಟು, ಮಡಗಾಸ್ಕರಿನ ಮರದ ಮೇಲಿನ ಹಕ್ಕು ಬಿಟ್ಟಿತು. ಭಾರತದ ಮರದ ವಿಷಯದಲ್ಲಿ ಮಾತ್ರ ಸರ್ಕಾರವೇ ಹಿಂದೆ ಸರಿಯಿತು. ಫಿಂಗರ್‌ಬೋರ್ಡ್ ತುಂಡುಗಳು ಯಾವ ವರ್ಗಕ್ಕೆ ಸೇರುತ್ತವೆಂಬುದರಲ್ಲಿ ಗೊಂದಲವಿದೆ, ಭಾರತ ಸರ್ಕಾರ ಸ್ಪಷ್ಟವಾಗಿ ನಿಷೇಧವೆಂದು ಹೇಳದ ಹೊರತು ಕ್ರಮ ಕೈಗೊಳ್ಳುವುದಿಲ್ಲ ಎಂದು ಒಪ್ಪಂದದಲ್ಲೇ ಬರೆದುಕೊಟ್ಟಿತು. ವಾಪಸು ಬಂದ ಮರದಿಂದ ಗಿಬ್ಸನ್ ‘ಗವರ್ನಮೆಂಟ್ ಸೀರೀಸ್’ ಎಂಬ ಹೆಸರಿನಲ್ಲಿ, ಸರ್ಕಾರವನ್ನು ಅಣಕಿಸಿಯೇ, ಗಿಟಾರು ಮಾಡಿ ಮಾರಿತು. ಬೀಟೆ ಮರಳಿ ಬಂತು, ಹುರಿದ ಮೇಪಲ್ ಆ ಕಾರ್ಖಾನೆಯಲ್ಲಿ ಮೂಲೆಗೆ ಸೇರಿತು.

ಬದಲಿ ಮಾಲಿಗೇ ಹೆಚ್ಚಿನ ಬೆಲೆ

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಹಾಗಾಗಲಿಲ್ಲ. ಹುರಿದ ಮೇಪಲ್‌ನ ನಿಜವಾದ ಉಪಯೋಗ ಮೇಲಿನ ತೆಳು ಹಲಗೆಗಲ್ಲ, ಇಡೀ ಕತ್ತಿಗೇ ಎಂಬುದನ್ನು ಬೇರೆ ತಯಾರಕರು ಕಂಡುಕೊಂಡರು. ಕತ್ತಿಗೆ ಬೇಕಾದದ್ದು ಅಲುಗದಿರುವುದು. ಹುರಿದ ಮರದ ದೊಡ್ಡ ಗುಣವೂ ಅದೇ. ಸ್ಟ್ಯಾಮ್ ಅವರ ಮರವನ್ನು ಸೋಲಿಸಿದ ಪೆಡಸುತನ ಇಲ್ಲಿ ಅಷ್ಟು ಬಾಧಿಸಲಿಲ್ಲ. ಕತ್ತಿನ ಮೇಲೆ ಬೀಳುವುದು ಒಂದೇ ದಿಕ್ಕಿನ, ಒಂದೇ ಸಮನಾದ ಎಳೆತ, ಸುತ್ತಿಗೆಯ ಏಟಲ್ಲ. ಮೇಪಲ್ ಸ್ವತಃ ಗಟ್ಟಿ ಮರವಾದ್ದರಿಂದ ಸ್ವಲ್ಪ ಬಲ ಕಳೆದುಕೊಂಡರೂ ನಡೆಯುತ್ತದೆ.

ಹೀಗೆ 2010ರ ದಶಕದಲ್ಲಿ ಸುರ್, ಮ್ಯೂಸಿಕ್ ಮ್ಯಾನ್‌ನಂಥ ಅಮೆರಿಕದ ತಯಾರಕರು ‘ರೋಸ್ಟೆಡ್ ಮೇಪಲ್’ ಕತ್ತುಗಳನ್ನು ಹಾಕತೊಡಗಿದರು. ಜಪಾನಿನ ಇಬಾನೆಝ್ 2018ರಲ್ಲಿ ಎಝಡ್ ಎಂಬ ಮಾಲೆಯನ್ನೇ ಹುರಿದ ಮೇಪಲ್ ಕತ್ತಿನೊಂದಿಗೆ ತಂದಿತು. ಹೆಸರು ಬದಲಾದದ್ದನ್ನು ಗಮನಿಸಿ: ಬೇಕರಿಯ ‘ಬೇಕ್ಡ್’ ಹೋಗಿ ಕಾಫಿಯ ‘ರೋಸ್ಟೆಡ್’ ಬಂತು. ಇನ್ನೂ ಗಂಭೀರವಾಗಿ ಕಾಣಬೇಕೆನ್ನುವವರು ‘ಟಾರಿಫೈಡ್’ ಎನ್ನುತ್ತಾರೆ. ಫ್ರೆಂಚರು ಕಾಫಿ ಬೀಜ ಹುರಿಯುವುದಕ್ಕೆ ಬಳಸುವ ಪದದ ಒಡಹುಟ್ಟು ಅದು. ಹೋಲಿಕೆ ಬರೀ ಮಾತಿನದಲ್ಲ. ಕಾಫಿ ಬೀಜ ಕಂದಾಗುವ ಶಾಖವೂ ಹೆಚ್ಚುಕಡಿಮೆ ಇಷ್ಟೇ. ಹದ ಯಾವುದು ಎಂಬುದು ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯವನಿಗೆ ಹೇಗೋ, ಗಿಟಾರ್ ತಯಾರಕನಿಗೂ ಹಾಗೆಯೇ ವ್ಯಾಪಾರದ ಗುಟ್ಟು. ಕಡಿಮೆ ಹುರಿದರೆ ಬೆಲ್ಲದ ಬಣ್ಣ, ಜಾಸ್ತಿಯಾದರೆ ಕರಟಿದ ಕಂದು. ಹೊಸ ಕತ್ತನ್ನು ಮೂಗಿನ ಹತ್ತಿರ ಹಿಡಿದರೆ ಪಾಕ ಕಟ್ಟಿದ ಸಕ್ಕರೆಯಂಥ ವಾಸನೆ ಎನ್ನುತ್ತಾರೆ. ಹೆಮಿಸೆಲ್ಯುಲೋಸ್ ಒಂದು ಬಗೆಯ ಸಕ್ಕರೆಗಳ ಸರಪಳಿಯೇ ಆದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ. ಹುರಿಯುವಾಗ ಬಿಡುಗಡೆಯಾಗುವ ಅಸಿಟಿಕ್ ಆಮ್ಲ ನಮ್ಮ ವಿನಿಗರಿನ ಆಮ್ಲ.

ಈ ಮರದಲ್ಲಿ ಕೆಲಸ ಮಾಡುವುದು ಸಲೀಸಲ್ಲ. ತಿರುಪು ಹಾಕುವ ಮುನ್ನ ಸರಿಯಾದ ಅಳತೆಯ ತೂತು ಕೊರೆಯದಿದ್ದರೆ ಮರ ಸೀಳುತ್ತದೆ. ಚೂಪು ಉಳಿಯಿಲ್ಲದಿದ್ದರೆ ಅಂಚು ಎದ್ದುಬರುತ್ತದೆ. ನೀರು ಸರಿಯಾಗಿ ಹೀರದ ಮರವಾದ್ದರಿಂದ ನೀರಿನ ಅಂಟು ಹಿಡಿಯಲು ಹೆಚ್ಚು ಹೊತ್ತು ಬೇಕು. ಕೈ ತಪ್ಪಿ ನೆಲಕ್ಕೆ ಬಿದ್ದರೆ ಮಾಮೂಲು ಕತ್ತಿಗಿಂತ ಬೇಗ ಮುರಿದೀತು. ಅದಲ್ಲದೆ ಮೆಕ್‌ಹ್ಯೂನ ಉಕ್ಕಿನ ಸರಳು ಹುರಿದ ಕತ್ತಿನೊಳಗೂ ಇದೆ. ಶಾಖ ಮಾಡಿರುವುದು ಅದಕ್ಕೆ ಕೆಲಸ ಕಡಿಮೆ ಮಾಡುವುದನ್ನು ಮಾತ್ರ. ಮಾರಾಟದ ಕರಪತ್ರಗಳಲ್ಲಿ ಈ ವಿಷಯಗಳಿಗೆ ಜಾಗ ಸಿಗುವುದಿಲ್ಲ.

ಅಲ್ಲಿ ಜಾಗ ಸಿಗುವುದು ನಾದಕ್ಕೆ. ಹುರಿದ ಮರ ಅರವತ್ತು ವರ್ಷ ಹಳೆಯ ಮರದಂತೆ ನುಡಿಯುತ್ತದೆ ಎನ್ನುವ ಮಾತು. ಕತ್ತಿಗಿಂತ ಹೆಚ್ಚಾಗಿ ಅಕೌಸ್ಟಿಕ್ ಗಿಟಾರಿನ ಮೇಲ್ಹಲಗೆಯ ವಿಷಯದಲ್ಲಿ ಈ ಮಾತು ಕೇಳಿಬರುತ್ತದೆ. ಮಾರ್ಟಿನ್, ಟೇಲರ್, ಯಮಾಹ ಮೂರೂ ಕಂಪೆನಿಗಳು ಸ್ಪ್ರೂಸ್ ಹಲಗೆಯನ್ನು ತಮ್ಮ ತಮ್ಮ ವಿಧಾನದಲ್ಲಿ ಹದಗೊಳಿಸುತ್ತವೆ. ಇದರಲ್ಲಿ ಸ್ವಲ್ಪ ಹುರುಳಿಲ್ಲದೆ ಇಲ್ಲ. ತೈವಾನಿನ ವಿಜ್ಞಾನಿಗಳು 2016ರ ಕೊನೆಗೆ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಟ್ರಾಡಿವೇರಿಯಸ್ ಪಿಟೀಲುಗಳ ಮೇಪಲ್‌ನಲ್ಲಿ ಹೆಮಿಸೆಲ್ಯುಲೋಸ್ ಸಾಕಷ್ಟು ಕರಗಿ, ತೇವ ಹಿಡಿಯುವ ಗುಣ ತಗ್ಗಿರುವುದು ಕಂಡುಬಂತು. ಮುನ್ನೂರು ವರ್ಷ ಮಾಡಿದ ಕೆಲಸವನ್ನು ಗೂಡು ಕೆಲವು ಗಂಟೆಗಳಲ್ಲಿ ಮಾಡುತ್ತದೆ ಎನ್ನುವವರಿಗೆ ಇದು ಆಧಾರ.

ಆದರೆ ಮರದ ರಾಸಾಯನಿಕ ಬದಲಾದದ್ದೂ, ಕಿವಿಗೆ ಅದು ಗೊತ್ತಾಗುವುದೂ ಎರಡು ಬೇರೆ ಮಾತು. 2012ರಲ್ಲಿ ಪ್ರಕಟವಾದ ಒಂದು, ಆಮೇಲೆ ಪ್ಯಾರಿಸ್ಸಿನ ಹತ್ತಿರ ನಡೆದ ಇನ್ನೊಂದು ಪ್ರಯೋಗದಲ್ಲಿ ನುರಿತ ಪಿಟೀಲು ವಾದಕರಿಗೆ ಹಳೆಯದು ಯಾವುದು, ಹೊಸದು ಯಾವುದು ಎಂದು ಕಾಣದಂತೆ ಮಾಡಿ ನುಡಿಸಲು ಕೊಟ್ಟಾಗ, ಹೆಚ್ಚು ಮಂದಿ ಮೆಚ್ಚಿದ್ದು ಹೊಸ ಪಿಟೀಲುಗಳನ್ನೇ. 2018ರಲ್ಲಿ ಇಂಗ್ಲೆಂಡಿನ ಸಂಶೋಧಕರು ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆಯಾದ ಆರು ಗಿಟಾರುಗಳನ್ನು ಮಾಡಿಸಿ, ಮಂದ ಬೆಳಕಿನಲ್ಲಿ 52 ವಾದಕರ ಕೈಗೆ ಕೊಟ್ಟರು. ಅದರಲ್ಲಿ ಬ್ರೆಜಿಲ್ ರೋಸ್‌ವುಡ್ ಇತ್ತು, ನಮ್ಮ ಬೀಟೆ ಇತ್ತು, ಅಗ್ಗದ ಮರಗಳೂ ಇದ್ದವು. ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರಲಿಲ್ಲ. ಕಾಡಿನಲ್ಲಿ ಬೀಟೆ ಬೆಳೆಯಲು ಎಷ್ಟು ದಶಕ ಬೇಕೆಂದು ಬಲ್ಲವರು ಈ ಫಲಿತಾಂಶವನ್ನು ಎರಡು ಸಲ ಓದಬೇಕು.

ಏಕೆಂದರೆ ಬೀಟೆಯ ಕತೆ ಗಿಬ್ಸನ್ ರಾಜಿಯೊಂದಿಗೆ ನಿಲ್ಲಲಿಲ್ಲ. 2017ರ ಜನವರಿ 2ರಿಂದ ಬ್ರೆಜಿಲ್ ಮರವನ್ನು ಬಿಟ್ಟು ಬೀಟೆಯ ಕುಲದ ಎಲ್ಲ ಮರಗಳೂ ಸೈಟ್ಸ್‌ನ ಎರಡನೆಯ ಪಟ್ಟಿಗೆ ಸೇರಿದವು. ಬೀಟೆಯ ಫಿಂಗರ್‌ಬೋರ್ಡ್ ಇರುವ ಒಂದು ಗಿಟಾರನ್ನು ವಿದೇಶಕ್ಕೆ ಮಾರಲೂ ಪರವಾನಗಿ ಬೇಕಾಯಿತು. ಫೆಂಡರ್ ತನ್ನ ಮೆಕ್ಸಿಕೊ ಕಾರ್ಖಾನೆಯ ಗಿಟಾರುಗಳಿಗೆ ದಕ್ಷಿಣ ಅಮೆರಿಕದ ಪಾವ್ ಫೆರೊ ಎಂಬ ಮರಕ್ಕೆ ಹೋಯಿತು. ಹುರಿದ ಮೇಪಲ್‌ಗೆ ಬೇಡಿಕೆ ಏರಿದ್ದೂ ಇದೇ ವರ್ಷಗಳಲ್ಲಿ. ತಯಾರಕರ, ಸಂಗೀತಗಾರರ ಒತ್ತಾಯದ ನಂತರ 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೂ ಅವುಗಳ ಸಿದ್ಧ ಭಾಗಗಳಿಗೂ ವಿನಾಯಿತಿ ಬಂತು. ಹಸಿ ಮರಕ್ಕೆ ಇಲ್ಲ. ಬೀಟೆ ಈಗಲೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೊಳಗಾಗಬಲ್ಲ ಮರ.

ನಮ್ಮಲ್ಲಿ ಮೇಪಲ್ ಬೆಳೆ ಇಲ್ಲ. ಆದರೆ ಹುರಿಯುವ ವಿದ್ಯೆಗೆ ಮೇಪಲ್ಲೇ ಆಗಬೇಕೆಂದಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ರಬ್ಬರ್ ಮರವನ್ನೂ ಸಿಲ್ವರ್ ಓಕನ್ನೂ ನಿರ್ವಾತದಲ್ಲಿ 210ರಿಂದ 240 ಡಿಗ್ರಿಯವರೆಗೆ ಕಾಯಿಸಿ, ಫಲಿತಾಂಶಗಳನ್ನು 2012ರಲ್ಲಿ ಪ್ರಕಟಿಸಿದ್ದಾರೆ. ಗಿಟಾರಿಗಾಗಿ ಮಾಡಿದ ಪ್ರಯೋಗವಲ್ಲ; ಪೀಠೋಪಕರಣದಂಥ ಸಾಮಾನ್ಯ ಬಳಕೆಯ ಮರಗಳವು. ಸಿಲ್ವರ್ ಓಕ್ ಎಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಿರುವ ಅದೇ ಉದ್ದನೆಯ ಮರ. ಹುರಿದ ಮೇಲೆ ಎರಡೂ ಮರಗಳ ಉಬ್ಬುವ ಗುಣ ಇಳಿಯಿತು, ಬಲವೂ ಇಳಿಯಿತು, ಬಣ್ಣ ದುಬಾರಿ ಮರಗಳಂತೆ ಕಂದಾಯಿತು. ಅದೇ ತಂಡ ಇನ್ನೊಂದು ಪ್ರಯೋಗದಲ್ಲಿ ಹುರಿದ ಮರವನ್ನು ಬೆಳಕಿಗೆ ಒಡ್ಡಿ ನೋಡಿತು. ತೇವಕ್ಕೆ ಜಗ್ಗದ ಆ ಕಂದು ಬಣ್ಣ ಬೆಳಕಿಗೆ ಜಗ್ಗಿತು. ನೇರಳಾತೀತ ಕಿರಣ ಬಿದ್ದಷ್ಟೂ ಮಾಸುತ್ತಾ ಹೋಯಿತು.